ಪ್ಯಾರಿಚ್ ಎಂಬ ಬಹುವಚನ

ಡಂಕನ್ ಅಂಕಲ್ ಬೆಳಗಿನ ಗಂಜಿಯನ್ನು ಎಂದೂ ಕೂತು ಉಂಡವರಲ್ಲ. ಈ ದ್ವೀಪನಗರದ ಆಂಗ್ ಮೋ ಕಿಯೋ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆ ಅವರದು. ಅಡುಗೆಮನೆಯ ಕಿಟಕಿ ಕಾರಿಡಾರಿಗೇ ತೆರೆದಿತ್ತು. ಮಗಳನ್ನು ಸ್ಕೂಲ್ ಬಸ್ಸಿಗೆ ಬಿಡಲು ಹೊರಟಾಗೆಲ್ಲ ನೋಡುತ್ತಿದ್ದೆ: ಆ ಆರಡಿಯ ಮುದುಕ ಬನಿಯನ್ನಿನಲ್ಲಿ ಒಲೆಯ ಪಕ್ಕ ನಿಂತು, ಮರದ ಚಮಚದಲ್ಲಿ ಓಟ್ಸ್ ಗಂಜಿ ತಿನ್ನುತ್ತಿರುತ್ತಿದ್ದರು. ಉಪ್ಪು ಬಿಟ್ಟರೆ ಅದಕ್ಕೆ ಮತ್ತೇನೂ ಇಲ್ಲ. ಸಕ್ಕರೆಯ ಹೆಸರೆತ್ತಿದರೆ ಮುಖ ಸಿಂಡರಿಸುತ್ತಿದ್ದರು.

ಹಡಗಿನ ಎಂಜಿನಿಯರಾಗಿ ಸ್ಕಾಟ್ಲೆಂಡಿನಿಂದ ಬಂದು, ಇಲ್ಲಿಯ ಚೀನೀ ಹೆಂಗಸನ್ನು ಮದುವೆಯಾಗಿ ಇಲ್ಲೇ ಉಳಿದವರು. ಮಕ್ಕಳಿರಲಿಲ್ಲ. ಹೆಂಡತಿ ತೀರಿಹೋದ ಮೇಲೆ ಮಾತೂ ಕಡಿಮೆಯಾಗಿತ್ತು. ಒಮ್ಮೆ ನಾನು ರಾಗಿ ಅಂಬಲಿ ಕೊಟ್ಟು, ಇದು ನಮ್ಮೂರಿನ ಪಾರಿಡ್ಜ್ ಎಂದಾಗ ಮಾತ್ರ ಅವರ ಮುಖ ಅರಳಿತು.

"ಪಾರಿಡ್ಜ್ ಅಲ್ಲ, ಪ್ಯಾರಿಚ್. ನನ್ನಜ್ಜಿ ಹಾಗೇ ಅನ್ನೋದು. ಮತ್ತೆ, 'ಇಟ್' ಅನ್ನಬಾರದು, 'ದೇ' ಅನ್ನಬೇಕು. 'ದೇ ಆರ್ ಟೂ ಹಾಟ್.'"

"ಗಂಜಿಗೆ ಬಹುವಚನಾನಾ ಅಂಕಲ್? ನಮ್ಮನೇಲಿ ಅತ್ತೆಗೆ ಮಾತ್ರ ಅಷ್ಟು ಮರ್ಯಾದೆ."

ಅವರು ನಗಲಿಲ್ಲ. "ನನ್ನ ಮನೇಲಿ ಮರ್ಯಾದೆ ಕೊಡೋಕೆ ಇನ್ಯಾರಿದ್ದಾರೆ?" ಎಂದರು.

ಹೋದ ವರ್ಷ ಅವರಿಗೆ ಸ್ಟ್ರೋಕ್ ಆಯಿತು. ಲಿಫ್ಟ್ ಎದುರು ಬಿದ್ದಿದ್ದವರನ್ನು ಕಂಡು ಆಂಬುಲೆನ್ಸ್ ಕರೆಸಿದವರು ನನ್ನ ಗಂಡ. ಮರುದಿನ ನಾನು ಆಸ್ಪತ್ರೆಗೆ ಹೋದಾಗ ಅಂಕಲ್ ಕೈಗಳಿಗೆ ದಪ್ಪ ಕವಚ ಕಟ್ಟಿದ್ದರು; ಆಹಾರಕ್ಕೆಂದು ಮೂಗಿಗೆ ಹಾಕಿದ್ದ ನಳಿಕೆಯನ್ನು ಕಿತ್ತುಹಾಕುತ್ತಿದ್ದರಂತೆ. ಕಣ್ಣಲ್ಲಿ ಬರೀ ಭಯ. ತೊದಲುತ್ತ ಒಂದೇ ಮಾತು: "ದೇ ಆರ್ ಬರ್ನಿಂಗ್."

"ಬೆಳಗಿಂದ ಇದೇ ಲಾ," ಎಂದಳು ನರ್ಸ್, ಇಲ್ಲಿಯವರ ಆ 'ಲಾ' ಸೇರಿಸಿ. "ಯಾರೋ ಸುಟ್ಟುಹೋಗ್ತಿದ್ದಾರೆ ಅಂತಾರೆ. ಭ್ರಮೆ. ಡಾಕ್ಟರ್ ನಿದ್ದೆ ಮದ್ದು ಬರೆದಿದ್ದಾರೆ."

"ಯಾರೂ ಅಲ್ಲ ಸಿಸ್ಟರ್. ಗಂಜಿ. ಒಲೆ ಮೇಲೆ ಗಂಜಿ ಬಿಟ್ಟು ಬಂದಿದೀನಿ ಅಂದ್ಕೊಂಡಿದಾರೆ," ಎಂದು ಅವರ ಊರಿನ ಮಾತನ್ನು ವಿವರಿಸಿದೆ.

ಅವಳು ನಾನಿರುವಷ್ಟು ಹೊತ್ತು ಕವಚ ಬಿಚ್ಚಿಡಲು ಒಪ್ಪಿದಳು. ಎರಡು ಚಮಚ ಗಂಜಿ ಕೊಡಬಹುದೇ ಎಂದು ಕೇಳಿದೆ. ಆಗದೆಂದು ತಲೆಯಾಡಿಸಿದಳು. ನುಂಗುವ ಶಕ್ತಿಯೇ ಹೋಗಿತ್ತು. ನೀರು ಕೂಡ ಶ್ವಾಸಕೋಶಕ್ಕೆ ಇಳಿಯುತ್ತಿತ್ತು.

ನಾನು ಅಂಕಲ್ ಕೈ ಹಿಡಿದು, ಅವರ ಇಂಗ್ಲಿಷಿನಲ್ಲೇ ಸುಳ್ಳು ಹೇಳಿದೆ: "ಅವನ್ನ ಇಳಿಸಿಟ್ಟಿದೀನಿ ಅಂಕಲ್. ಸೀದಿಲ್ಲ."

ಅವರು ನನ್ನನ್ನೇ ದಿಟ್ಟಿಸಿದರು. ನಂಬಿದರೋ, ದಣಿದಿದ್ದರೋ, ಬೆರಳುಗಳ ಬಿಗಿ ನಿಧಾನವಾಗಿ ಸಡಿಲವಾಯಿತು. ಮದ್ದಿಲ್ಲದೆಯೇ ನಿದ್ದೆ ಹೋದರು. ಅವರನ್ನು ಕಂಡದ್ದು ಅದೇ ಕೊನೆ.

ಮರುದಿನ ಬೆಳಗ್ಗೆ, ಮಗಳಿಗೆ ಜಡೆ ಹಾಕುತ್ತಿದ್ದಾಗ ಆಸ್ಪತ್ರೆಯಿಂದ ಫೋನ್ ಬಂತು. ವಿಷಯ ಹೇಳಿದ ಮೇಲೆ ಆ ದನಿ ಕೇಳಿತು, "ನೀವು ಸಂಬಂಧಿಕರಾ?"

"ಅಲ್ಲ, ಪಕ್ಕದ ಮನೆ."

"ಹಾಗಾದ್ರೆ ಅವರ ಕಡೆಯವರಲ್ಲಿ ಯಾರಿಗೆ ತಿಳಿಸಬೇಕು?"

ಮಗಳ ಜಡೆ ಅರ್ಧ ಹೆಣೆದು ಕೈಯಲ್ಲೇ ಇತ್ತು. ಬಹಳ ಯೋಚಿಸಿದೆ. ಒಂದು ಹೆಸರೂ ಹೊಳೆಯಲಿಲ್ಲ.