ಮಡಚುವ ಚಾಕುವಿನ ಕೆಂಪು ದಾರ

ಸೊಸೆಯನ್ನು ಬಜಗೋಳಿಯ ಅವಳ ತವರಿನಿಂದ, ಜೊತೆಗೆ ಐದು ತಿಂಗಳ ಮೊಮ್ಮಗಳನ್ನೂ, ಕಾಪುವಿನ ನಮ್ಮ ಮನೆಗೆ ಕರೆದುಕೊಂಡು ಹೊರಟಿದ್ದೇನೆ. ಸಂತೋಷದಲ್ಲಿ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಕಾರ್ಕಳದಲ್ಲಿ ಬಸ್ಸು ಬದಲಿಸುವಾಗ ಹಣ್ಣು ಕೊಯ್ಯಲು ಒಂದು ಮಡಚುವ ಚಾಕು ಕೊಂಡೆ.

"ಅಮ್ಮ, ಇದಕ್ಕೊಂದು ದಾರ ಕಟ್ಟಿಕೊಳ್ಳಿ. ಬಸ್ಸಲ್ಲಿ ಬಿದ್ದರೆ ಮತ್ತೆ ಸಿಗ್ಲಿಕ್ಕಿಲ್ಲ," ಎಂದ ಅಂಗಡಿಯವ.

"ದಾರ ನೇತಾಡ್ತಾ ಇದ್ದರೆ ಕಳ್ಳನಿಗೆ ಎಳೀಲಿಕ್ಕೆ ಸುಲಭ ಅಲ್ವಾ?"

"ಎಂತ ಮಾರಾಯ್ರೆ! ದಾರಕ್ಕೆ ದುಡ್ಡು ಬೇಡ, ನಾನು ಸುಮ್ಮನೆ ಕೊಡ್ತೇನೆ."

ಸುಮ್ಮನೆ ಕೊಡುತ್ತಾನೆಂದ ಮೇಲೆ ನನ್ನ ಅನುಮಾನ ಇನ್ನೂ ಹೆಚ್ಚಾಯಿತು. ಸೊಸೆ ಒತ್ತಾಯ ಮಾಡಿದಳೆಂದು ಕಟ್ಟಿಸಿಕೊಂಡು, ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿದೆ. ಕೆಂಪು ದಾರ ಹೊರಗೇ ಉಳಿಯಿತು.

ಕಾಪುವಿನ ಬಸ್ಸು ತುಂಬಿತ್ತು. ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು, ಪಕ್ಕದಲ್ಲಿ ನಿಂತಿದ್ದ ಮೀಸೆಯವನ ಮೇಲೆ ಕಣ್ಣಿಟ್ಟೆ. ಅವನ ಕೈ ನನ್ನ ಸೀಟಿನ ಕಂಬಿಯನ್ನು ಬಿಡುತ್ತಲೇ ಇರಲಿಲ್ಲ. ಶಿರ್ವ ದಾಟುವಾಗ ಯಾರೋ ದಾರ ಎಳೆದಂತಾಯಿತು.

"ಎಂತ ಎಳೆಯುವುದು ನೀವು? ನಾಚಿಕೆ ಇಲ್ವಾ?" ಎಂದು ಕೂಗಿದೆ.

ಅವನು ಎರಡೂ ಕೈ ಮೇಲೆತ್ತಿದ. "ಅಮ್ಮ, ಕಳ್ಳಿ ನಿಮ್ಮ ಮಡಿಲಲ್ಲೇ ಇದ್ದಾಳೆ ನೋಡಿ!"

ಮೊಮ್ಮಗಳು ದಾರವನ್ನು ಮುಷ್ಟಿಯಲ್ಲಿ ಹಿಡಿದು ಎಳೆಯುತ್ತಿದ್ದಳು. ಚಾಕು ಅರ್ಧ ಹೊರಗೆ ಬಂದಿತ್ತು. ತಟ್ಟನೆ ಅದನ್ನು ಒತ್ತಿ ಹಿಡಿದೆ.

"ಅತ್ತೆ, ಇವಳು ಕೈ ಚಾಚಿ ಹಿಡಿದದ್ದು ಇದೇ ಮೊದಲು!" ಎಂದು ಸೊಸೆ ಖುಷಿಯಿಂದ ಕಿರುಚಿದಳು.

ಆ ಪುಟ್ಟ ಮುಷ್ಟಿಯನ್ನು ಬಿಡಿಸಲು ನನಗೆ ಮನಸ್ಸು ಬರಲಿಲ್ಲ. ಚಾಕುವಿಗೆ ಕಟ್ಟಿದ್ದ ಗಂಟನ್ನು ಹಲ್ಲಿನಿಂದ ಬಿಚ್ಚಿ, ಬರೀ ಚಾಕುವನ್ನು ಚೀಲದ ತಳಕ್ಕೆ ಹಾಕಿದೆ. ದಾರ ಅವಳ ಕೈಯಲ್ಲೇ ಇದೆ. ಬಾಯಿಗೆ ಹಾಕುತ್ತಾಳೋ ಏನೋ ಎಂದು ಈಗ ಅವಳನ್ನೇ ಕಾಯುತ್ತಾ ಕೂತಿದ್ದೇನೆ.