ಸೊನ್ನೆ ಖರ್ಚಿನ ಹೆಂಗಸು

ಕೊಲ್ಲಂ ಪಟ್ಟಣದ ಆಸ್ಪತ್ರೆಗಳಲ್ಲಿ ಸುಧರ್ಮಳಿಗೆ ಹೆಸರೇ ಇರಲಿಲ್ಲ. ಅಪ್ಪನ ಮೂತ್ರಪಿಂಡ ಕೈಕೊಟ್ಟಾಗಲೂ, ಚಿಕ್ಕಮ್ಮನ ಗರ್ಭಕೋಶ ತೆಗೆದಾಗಲೂ, ಅತ್ತಿಗೆ ಬಿಂದುಕಲಾ ಎರಡು ಸಲ ಹೆತ್ತಾಗಲೂ, ನರ್ಸ್ ವಾರ್ಡಿನ ಬಾಗಿಲಿಗೆ ಬಂದು ಕೂಗುತ್ತಿದ್ದದ್ದು ಒಂದೇ ಮಾತು: ಬೈಸ್ಟ್ಯಾಂಡರ್. ರೋಗಿಯ ಜೊತೆಗೆ ಉಳಿಯುವ ಮನೆಯವರಿಗೆ ಅಲ್ಲಿ ಹಾಗೆನ್ನುತ್ತಾರೆ. ಬೈಸ್ಟ್ಯಾಂಡರ್ ಇಲ್ಲದ ರೋಗಿಯನ್ನು ಯಾವ ಆಸ್ಪತ್ರೆಯೂ ಸುಲಭಕ್ಕೆ ಸೇರಿಸಿಕೊಳ್ಳುವುದಿಲ್ಲ. ಮಲದ ಪಾತ್ರೆ ಎತ್ತುವುದು, ಚೀಟಿ ಹಿಡಿದು ಔಷಧಿ ಅಂಗಡಿಗೆ ಓಡುವುದು, ರಕ್ತ ಕೊಡುವವರನ್ನು ಹುಡುಕುವುದು, ಕ್ಯಾಂಟೀನಿನಿಂದ ಗಂಜಿ ತರುವುದು, ಡಾಕ್ಟರು ಹೇಳಿದ್ದನ್ನು ಅಣ್ಣನಿಗೆ ಫೋನಿನಲ್ಲಿ ಒಪ್ಪಿಸುವುದು, ಅಣ್ಣ ಹೇಳಿದ್ದನ್ನು ಡಾಕ್ಟರಿಗೆ ಹೇಳದೆ ನುಂಗಿಕೊಳ್ಳುವುದು, ಇಷ್ಟೂ ಅದರೊಳಗೆ ಬರುತ್ತದೆ. ಸುಧರ್ಮಳ ಯೌವನ ಆ ಹೆಸರಿನಲ್ಲೇ ಕಳೆದಿತ್ತು. ಜವಳಿ ಅಂಗಡಿಯ ಕೆಲಸ ಅಪ್ಪನ ಡಯಾಲಿಸಿಸ್ಸಿಗೆ ಹೋಯಿತು; ಸಹಕಾರಿ ಸಂಘದ ಕೆಲಸ ಚಿಕ್ಕಮ್ಮನಿಗೆ ಹೋಯಿತು. ಮದುವೆಯ ಮಾತು ಬಂದಾಗಲೆಲ್ಲ ಮನೆಯಲ್ಲಿ ಯಾರೋ ಒಬ್ಬರು ಹಾಸಿಗೆ ಹಿಡಿದಿರುತ್ತಿದ್ದರು. ಕೊನೆಗೆ ಆ ಮಾತು ತರುವವರೂ ದಣಿದರು.

ಅಣ್ಣ ಉದಯಭಾನು ದಿನಾ ಬೆಳಗಿನ ರೈಲು ಹಿಡಿದು ರಾಜಧಾನಿಯ ಒಂದು ಸಂಶೋಧನಾ ಸಂಸ್ಥೆಗೆ ಹೋಗುತ್ತಿದ್ದ. ಜನರ ಮನೆಗಳಲ್ಲಿ ಕಾಯಿಲೆಗೆ ಆಗುವ ಖರ್ಚು ಮುಂದಿನ ಹದಿನೈದು ವರ್ಷಗಳಲ್ಲಿ ಎಲ್ಲಿಗೆ ಮುಟ್ಟುತ್ತದೆ ಎಂದು ಲೆಕ್ಕದ ಮಾದರಿ ಕಟ್ಟಿ ಹೇಳುವುದು ಅವನ ಕೆಲಸ. ಮುದುಕರು ಎಷ್ಟು ಹೆಚ್ಚುತ್ತಾರೆ, ಔಷಧಿಯ ಬೆಲೆ ಎಷ್ಟು ಏರುತ್ತದೆ, ವಿಮೆ ಅದರಲ್ಲಿ ಎಷ್ಟನ್ನು ಹೊರುತ್ತದೆ, ಎಲ್ಲವನ್ನೂ ಕಂಪ್ಯೂಟರಿಗೆ ಉಣಿಸಿದರೆ ಅದು ಒಂದು ಗೆರೆ ಎಳೆಯುತ್ತದೆ. ಮನೆಯ ಒಟ್ಟು ಖರ್ಚಿನಲ್ಲಿ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಕಾಯಿಲೆಗೇ ಹೋದರೆ ಅದು ಮುಳುಗಿದ ಮನೆ. ಅಂಥ ಮನೆಗಳು ವರ್ಷವರ್ಷಕ್ಕೆ ಎಷ್ಟಾಗುತ್ತವೆ ಎಂಬುದೇ ಆ ಗೆರೆ. ಉದಯಭಾನುವಿಗೆ ಇಡೀ ರಾಜ್ಯದ ಭವಿಷ್ಯ ಗೊತ್ತಿತ್ತು. ಮನೆಯಲ್ಲಿ ಅಮ್ಮನ ರಕ್ತದೊತ್ತಡದ ಮಾತ್ರೆ ಯಾವ ಡಬ್ಬಿಯಲ್ಲಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಮರಗೆಣಸು, ಮೀನಿನ ಸಾರು ಬಡಿಸಿಕೊಂಡು ಎಲ್ಲರೂ ಕುಳಿತಿದ್ದಾಗ ಅವನು ಒಂದು ತಮಾಷೆ ಹೇಳಿದ. ವರದಿಯನ್ನು ಓದಿ ತಿದ್ದಲು ಲಂಡನ್ನಿನ ತಜ್ಞೆಯೊಬ್ಬಳಿಗೆ ಕಳಿಸಿದ್ದರಂತೆ. ಬೈಸ್ಟ್ಯಾಂಡರುಗಳ ಕೂಲಿ ನಷ್ಟ, ಊಟ, ಬಸ್ಸಿನ ಖರ್ಚು ಎಂದು ಇವರು ಒಂದು ಸಾಲು ಹಾಕಿದ್ದರು. ಅವಳ ಇಂಗ್ಲಿಷಿನಲ್ಲಿ ಆ ಪದಕ್ಕೆ ದಾರಿಬದಿಯಲ್ಲಿ ಸುಮ್ಮನೆ ನಿಂತು ನೋಡುವವರು ಎಂದು ಅರ್ಥ.

"ಬರೆದಿದ್ದಾಳೆ, ನಿಂತು ನೋಡೋರ ನಷ್ಟ ಎಲ್ಲ ಯಾಕ್ರೀ ಲೆಕ್ಕ ಹಾಕ್ತೀರಿ ಅಂತ," ಎಂದು ಉದಯಭಾನು ನಕ್ಕ. ಬಿಂದುಕಲಾ ನಕ್ಕಳು. ಮಗ ನಕ್ಕನೆಂದು ಅಮ್ಮನೂ ನಕ್ಕಳು.

"ನೀವೇನಂದ್ರಿ ಚೇಟ್ಟಾ?" ಸುಧರ್ಮ ಅಣ್ಣನನ್ನು ಕೇಳಿದಳು.

"ಅನ್ನೋದೇನು? ಆ ಸಾಲೇ ತೆಗೆದೆ."

"ಅದರ ಅರ್ಥ ಹಾಗಲ್ಲ ಅಂತ ಹೇಳ್ಲಿಲ್ವಾ?"

"ಹೇಳಬೋದಿತ್ತು ಮೋಳೇ. ಆದ್ರೆ ಅದನ್ನ ತೆಗೆದ್ಮೇಲೆ ಗೆರೆ ಎಷ್ಟು ಚೆನ್ನಾಗಿ ಇಳೀತು ಗೊತ್ತಾ? ಮೇಲಿನೋರಿಗೂ ಖುಷಿ. ಹೇಗೂ ಮನೆಯೋರು ಮನೆಯೋರಿಗೆ ಮಾಡೋದು, ಅದ್ರಲ್ಲಿ ಖರ್ಚೆಲ್ಲಿ ಬಂತು? ನಿಂಗೇನಾದ್ರೂ ಖರ್ಚಾಗಿದೆಯಾ ಹೇಳು?"

ಅವನು ಅದನ್ನು ಕೇಳಿದ್ದು ಕುಹಕದಿಂದಲ್ಲ. ನಿಜವಾಗಿಯೂ ತಿಳಿಯಬೇಕೆಂಬಂತೆ, ಕೈಯಲ್ಲಿ ಗೆಣಸಿನ ತುಂಡು ಹಿಡಿದು, ಮುಖ ಎತ್ತಿ ಕೇಳಿದ. ಸುಧರ್ಮಳಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಬೇಕಾದರೆ ಎದುರಿನವರ ಮೇಲೆ ಒಂದಿಷ್ಟಾದರೂ ಗೌರವ ಇರಬೇಕು. ತಾನು ಇಷ್ಟು ವರ್ಷ ಈ ಅಣ್ಣನನ್ನು ಬುದ್ಧಿವಂತನೆಂದು ತಿಳಿದಿದ್ದೆನಲ್ಲ ಎಂದು ಮಾತ್ರ ಅನ್ನಿಸಿತು. ಗೊತ್ತಿಲ್ಲದೆ ತಪ್ಪಿದವಳು ಲಂಡನ್ನಿನ ಹೆಂಗಸು. ಗೊತ್ತಿದ್ದೂ ಆ ತಪ್ಪನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡವನು ಇವನು. ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿ ಒಳಗೆ ಹೋದಳು.

ಆ ಹೊತ್ತಿಗೆ ಅವಳಿಗೊಂದು ಕೆಲಸ ಸಿಕ್ಕಿತ್ತು. ಅಪ್ಪನನ್ನು ಡಯಾಲಿಸಿಸ್ಸಿಗೆ ಕರೆದೊಯ್ಯಲೆಂದು ಕಲಿತ ಕಾರು ಓಡಿಸುವ ವಿದ್ಯೆ, ಅಪ್ಪ ಹೋದ ಮೇಲೂ ಕೈಯಲ್ಲಿ ಉಳಿದಿತ್ತು. ಅಲೋಷ್ಯಸ್ ಎಂಬವರು ನಡೆಸುತ್ತಿದ್ದ ಡ್ರೈವಿಂಗ್ ಶಾಲೆಗೆ ಹೆಂಗಸರಿಗೆ ಕಲಿಸಲು ಹೆಂಗಸೇ ಬೇಕಾಗಿತ್ತು. ಬೆಳಗಿನ ಎಳೆಬಿಸಿಲಿನಲ್ಲಿ, ಮೈದಾನದ ಮೂಲೆಯಲ್ಲಿ ಲೈಸೆನ್ಸಿನ ಪರೀಕ್ಷೆಗೆಂದು ಎಚ್ ಅಕ್ಷರದ ಆಕಾರಕ್ಕೆ ನೆಟ್ಟ ಕಂಬಿಗಳ ನಡುವೆ ಕಾರನ್ನು ಹಿಂದಕ್ಕೆ ಬಿಡುವುದನ್ನು ಅವಳು ಹೇಳಿಕೊಡುತ್ತಿದ್ದಳು. ಮಂಜು ಇನ್ನೂ ಹುಲ್ಲಿನ ಮೇಲಿರುತ್ತಿತ್ತು. ಬೆವರಿದ ಅಂಗೈಗಳ ಹೆಂಗಸರು ಸ್ಟಿಯರಿಂಗನ್ನು ಕೊಡಪಾನದ ಕಂಠದ ಹಾಗೆ ಹಿಡಿದುಕೊಳ್ಳುತ್ತಿದ್ದರು. ಅವರೆಲ್ಲ ಅವಳನ್ನು ಟೀಚರ್ ಎನ್ನುತ್ತಿದ್ದರು. ಮೊದಮೊದಲು ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ಅವಳು ಹಿಂತಿರುಗಿ ನೋಡುತ್ತಿದ್ದಳು.

ಆದರೆ ಬಿಂದುಕಲಾಳ ಪಿತ್ತಕೋಶದ ಕಲ್ಲಿಗೆ ಒಂದು ಬ್ಯಾಚು ಅರ್ಧಕ್ಕೆ ನಿಂತಿತು, ಚಿಕ್ಕಮ್ಮನ ಕಣ್ಣಿನ ಪೊರೆಗೆ ಇನ್ನೊಂದು. ಹೊಸ ಬ್ಯಾಚು ಸೋಮವಾರ ಶುರುವಾಗಬೇಕಿತ್ತು. ಅಲೋಷ್ಯಸ್ ಕೀಲಿಕೈ ಕೊಡುವ ಮೊದಲು ಕನ್ನಡಕದ ಮೇಲಿನಿಂದ ನೋಡಿದರು. "ಟೀಚರೇ, ಈ ಸಲ ಯಾರ ಯಾವ ಅಂಗ ಕೆಟ್ಟರೂ ನಾನು ಕೇಳಲ್ಲ. ಸೋಮವಾರ ನೀವು ಬರ್ಲಿಲ್ಲ ಅಂದ್ರೆ ನಮ್ಮ ಸೋದರಳಿಯನ ಹೆಂಡತಿಗೆ ಕೊಡ್ತೀನಿ. ಅವಳಿಗೆ ಗೇರ್ ಹಾಕೋಕೆ ಬರಲ್ಲ, ಆದ್ರೆ ದಿನಾ ಬರ್ತಾಳೆ." ಸುಧರ್ಮ ಬರುತ್ತೇನೆಂದಳು.

ಗುರುವಾರ ಬೆಳಗ್ಗೆ ಅಮ್ಮ ಬಟ್ಟೆ ಒಗೆಯುವ ಕಲ್ಲಿನ ಬಳಿ ಜಾರಿ ಬಿದ್ದಳು. ಸೊಂಟದ ಕೀಲು ಮುರಿದಿತ್ತು.

ಅಣ್ಣ ರೈಲಿನಲ್ಲಿದ್ದ. ಫೋನಿನಲ್ಲೇ ಎಲ್ಲವನ್ನೂ ಏರ್ಪಡಿಸಿದ: ಯಾವ ಆಸ್ಪತ್ರೆ, ಯಾವ ಡಾಕ್ಟರು, ವಿಮೆಯ ಕಾರ್ಡು ಯಾವ ಕೌಂಟರಿನಲ್ಲಿ ತೋರಿಸಬೇಕು. ಉಳಿದದ್ದಕ್ಕೆ ಸುಧ ಇದ್ದಾಳಲ್ಲ ಎಂದು ಬಿಂದುಕಲಾಳಿಗೆ ಹೇಳಿದನಂತೆ. ಸುಧ ಇದ್ದಳು. ಶನಿವಾರ ಶಸ್ತ್ರಚಿಕಿತ್ಸೆ ಮುಗಿದ ರಾತ್ರಿಯ ತನಕ ಸ್ತ್ರೀಯರ ವಾರ್ಡಿನ ನೆಲದ ಮೇಲೆ ಚಾಪೆ ಹಾಸಿ ಮಲಗಿದಳು. ಶುಕ್ರವಾರವೇ ಅಣ್ಣನಿಗೆ ಹೇಳಿದಳು: ಭಾನುವಾರ ರಾತ್ರಿಯಿಂದ ನನಗಾಗದು, ದಿನಾ ಸಂಜೆ ಬರುತ್ತೇನೆ, ಹಗಲಿಗೂ ರಾತ್ರಿಗೂ ಬೇರೆ ವ್ಯವಸ್ಥೆ ನೋಡಿ. ಅವನು ಹೂಂಗುಟ್ಟಿದ. ಸೆಕೆ ಹೆಚ್ಚಾಯಿತು ಎಂದರೂ ಅವನು ಹೂಂಗುಟ್ಟುವುದು ಹಾಗೆಯೇ.

ಭಾನುವಾರ ಸಂಜೆ ಗಂಡಹೆಂಡತಿ ಬಂದರು. ಉದಯಭಾನು ಹೊಸದಾಗಿ ಕ್ಷೌರ ಮಾಡಿಸಿಕೊಂಡಿದ್ದ. ಮರುದಿನ ರಾಜಧಾನಿಯಲ್ಲಿ ಅವನ ವರದಿಯ ಬಿಡುಗಡೆ. ಮಂತ್ರಿಗಳ ಮುಂದೆ ಗೆರೆಯನ್ನು ಪರದೆಯ ಮೇಲೆ ತೋರಿಸಿ ಮಾತಾಡಬೇಕಾದವನು ಅವನೇ. ಸುಧರ್ಮ ಅವರನ್ನು ವರಾಂಡಕ್ಕೆ ಕರೆದು, ಬೈಸ್ಟ್ಯಾಂಡರ್ ಪಾಸನ್ನೂ ಬಿಸಿನೀರಿನ ಫ್ಲಾಸ್ಕನ್ನೂ ಬೆಂಚಿನ ಮೇಲಿಟ್ಟಳು. ಇವತ್ತು ರಾತ್ರಿಗೂ ನಾಳೆಗೂ ಯಾರು ಎಂದು ಕೇಳಿದಳು.

"ಯಾರು ಅಂದ್ರೆ?" ಅಣ್ಣ ಹೆಂಡತಿಯ ಮುಖ ನೋಡಿದ.

"ನಂಗೆ ನಾಳೆ ಬೆಳಗ್ಗೇನೇ ಶಾಲೇಲಿ ಪರೀಕ್ಷೆ ಡ್ಯೂಟಿ ಇದೆ ಸುಧೇ," ಬಿಂದುಕಲಾ ಹೇಳಿದಳು. "ಹಾಗೆಲ್ಲ ಬಿಟ್ಟು ಬರೋಕಾಗಲ್ಲ. ನಮ್ದು ಕೆಲಸ ಅಲ್ವಾ."

ಆ 'ನಮ್ದು' ಎಂಬುದು ಎಷ್ಟು ಸಹಜವಾಗಿ ಬಂತೆಂದರೆ ಅದನ್ನು ಆಡಿದವಳಿಗೇ ಕೇಳಿಸಿರಲಿಲ್ಲ.

ಉದಯಭಾನು ಹೋಂ ನರ್ಸ್ ಏಜೆನ್ಸಿಗೆ ಫೋನು ಮಾಡಿದ. ಮಂಗಳವಾರಕ್ಕೆ ಮೊದಲು ಯಾರೂ ಇಲ್ಲವೆಂದರು. ತಾನೇ ಒಂದು ರಾತ್ರಿ ಇರಬಹುದೇ ಎಂದು ನರ್ಸನ್ನು ಕೇಳಿದ. ಹೆಂಗಸರ ವಾರ್ಡಿನಲ್ಲಿ ಗಂಡಸರು ಉಳಿಯುವಂತಿಲ್ಲ, ಬೇಕಾದರೆ ಪ್ರತ್ಯೇಕ ರೂಮಿಗೆ ಹೋಗಿ ಎಂದಳು ಆಕೆ. ರೂಮಿನ ಬಾಡಿಗೆ ವಿಮೆಗೆ ಒಳಪಡುವುದಿಲ್ಲ ಎಂದು ಕೆಳಗಿನ ಕೌಂಟರಿನಲ್ಲಿ ತಿಳಿಯಿತು. ಹದಿನೈದು ವರ್ಷಗಳ ಆಚೆಯದನ್ನು ಕಂಡಿದ್ದವನು ಹದಿನೈದು ತಾಸುಗಳ ಆಚೆಯದನ್ನು ಕಾಣಲಾರದೆ ಬೆಂಚಿನ ಮೇಲೆ ಕುಳಿತ. ಆಮೇಲೆ ತಂಗಿಯ ಹತ್ತಿರ ಸರಿದು ದನಿ ತಗ್ಗಿಸಿದ.

"ಆ ಅಲೋಷ್ಯಸ್ ತಿಂಗಳಿಗೆ ಎಷ್ಟು ಕೊಡ್ತಾನೆ ನಿಂಗೆ? ಅಷ್ಟನ್ನ ನಾನೇ ಕೊಡ್ತೀನಿ."

ಸುಧರ್ಮ ಅವನನ್ನು ದಿಟ್ಟಿಸಿ ನೋಡಿದಳು. "ಅದನ್ನ ಯಾವ ಸಾಲಲ್ಲಿ ಬರ್ಕೋತೀರಿ ಚೇಟ್ಟಾ?"

ಅವನಿಗೆ ಅರ್ಥವಾಗಲಿಲ್ಲ. ತಂಗಿ ಚೌಕಾಶಿಗೆ ಇಳಿದಿದ್ದಾಳೆ ಎಂದುಕೊಂಡ. "ಸರಿ, ಅದಕ್ಕಿಂತ ಎರಡು ಸಾವಿರ ಜಾಸ್ತೀನೇ ತಗೋ," ಎಂದ.

ಅವಳಿಗೆ ನಗು ಬಂತು. ಇಷ್ಟು ವರ್ಷ ಅವಳ ಒಳಗೆಲ್ಲೋ ಒಂದು ಅಳುಕಿತ್ತು: ಅಣ್ಣ ಓದಿದವನು, ತನಗೆ ತಿಳಿಯದ್ದೇನೋ ಅವನಿಗೆ ತಿಳಿದಿರಬಹುದು ಎಂದು. ಅದು ಆ ವರಾಂಡದಲ್ಲಿ, ಫಿನಾಯಿಲಿನ ವಾಸನೆಯ ನಡುವೆ, ಸದ್ದಿಲ್ಲದೆ ಕಳಚಿ ಬಿತ್ತು.

ಕಷ್ಟವಾದದ್ದು ಅಮ್ಮನ ಮುಂದೆ. ಸುಧರ್ಮ ಅವಳ ಮೈ ಒರೆಸಿ, ತಲೆ ಬಾಚಿ, ಮುಂಡು ಬದಲಿಸಿ, ಬೆನ್ನಿನ ಕೆಳಗೆ ದಿಂಬು ಸರಿಪಡಿಸಿದಳು. ಭಾರ್ಗವಿಯಮ್ಮ ಅಷ್ಟು ಹೊತ್ತೂ ಮಗಳ ಕೈಗಳನ್ನೇ ನೋಡುತ್ತಿದ್ದಳು.

"ಹೋಗ್ತೀಯೇನೇ?"

"ನಾಳೆ ಸಂಜೆ ಬರ್ತೀನಮ್ಮ."

"ಅವನಿಗೆ ದೊಡ್ಡ ಕೆಲಸ ಇದೆ."

"ನಂಗೂ ಇದೆ."

"ಕಾರನ್ನ ಹಿಂದಕ್ಕೆ ಬಿಡೋದೂ ಒಂದು ಕೆಲ್ಸಾನಾ?" ಎಂದು ಅಮ್ಮ ಗೋಡೆಯ ಕಡೆಗೆ ಮುಖ ತಿರುಗಿಸಿದಳು.

ಬಸ್ಸಿನಲ್ಲಿ ಕುಳಿತ ಸುಧರ್ಮಳಿಗೆ ಎರಡು ಸಲ ಇಳಿದು ಹಿಂದಕ್ಕೆ ಹೋಗಬೇಕೆನಿಸಿತು. ಇಳಿಯಲಿಲ್ಲ. ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಂಡೇ ಮನೆಯ ತನಕ ಬಂದಳು.

ಸೋಮವಾರ ಮೈದಾನಕ್ಕೆ ಎಂಟು ಹೆಂಗಸರು ಬಂದರು. ಮೊದಲು ಕುಳಿತವಳು ಗೇರುಬೀಜದ ಕಾರ್ಖಾನೆಯ ಮೇಲ್ವಿಚಾರಕಿ, ದಪ್ಪನೆಯ ಧೈರ್ಯದ ಹೆಂಗಸು. ಕೆಲಸಗಾರರನ್ನು ಗದರಿಸುವ ದನಿಯಲ್ಲೇ ಕಾರನ್ನೂ ಗದರಿಸಿದಳು, ಅದು ಎರಡು ಕಂಬಿಗಳನ್ನು ಕೆಡವಿತು. ಚೀಲದಲ್ಲಿ ಸುಧರ್ಮಳ ಫೋನು ಬಡಿದುಕೊಂಡಿತು, ನಿಂತಿತು, ಮತ್ತೆ ಬಡಿದುಕೊಂಡಿತು. ಅವಳು ಇಳಿದು ಕಂಬಿಗಳನ್ನು ನೆಟ್ಟು ಬಂದು, ಇನ್ನೊಮ್ಮೆ ಎಂದಳು. ಅಲೋಷ್ಯಸ್ ದೂರದಲ್ಲಿ ಚಹಾ ಕುಡಿಯುತ್ತ ನಿಂತಿದ್ದರು. ಪಾಠ ಮುಗಿದ ಮೇಲೆ ಕೀಲಿಕೈಯನ್ನು ವಾಪಸು ಕೇಳಲಿಲ್ಲ.

ಸಂಜೆ ಆಸ್ಪತ್ರೆಗೆ ಹೋದಾಗ ಅಮ್ಮ ಮೂರನೇ ಮಹಡಿಯ ಪ್ರತ್ಯೇಕ ರೂಮಿನಲ್ಲಿದ್ದಳು; ಹಿಂದಿನ ರಾತ್ರಿಯೇ ಸಾಗಿಸಿದ್ದರು. ಉದಯಭಾನು ಮಂತ್ರಿಗಳಿಗೆಂದು ಇಸ್ತ್ರಿ ಮಾಡಿದ ಅಂಗಿಯಲ್ಲೇ ಮೂಲೆಯ ಕುರ್ಚಿಯಲ್ಲಿದ್ದ. ಅವನ ಬದಲಿಗೆ ಒಬ್ಬ ಕಿರಿಯ ಸಹೋದ್ಯೋಗಿ ಗೆರೆಯನ್ನು ತೋರಿಸಿದ್ದ. ಚಪ್ಪಾಳೆಯನ್ನು ಇವನು ಫೋನಿನಲ್ಲಿ ಕೇಳಿಸಿಕೊಂಡಿದ್ದ. ಅದೇ ಹೊತ್ತಿಗೆ ನರ್ಸ್ ಬಾಗಿಲಿಗೆ ಬಂದು ಬೈಸ್ಟ್ಯಾಂಡರ್ ಎಂದು ಮೂರು ಸಲ ಕೂಗಿದರೂ, ಅದು ತಾನೇ ಎಂದು ಅವನಿಗೆ ಹೊಳೆಯಲಿಲ್ಲವಂತೆ. ಇದನ್ನು ಹೇಳಿದ್ದು ನರ್ಸ್. ಅವನು ತಂಗಿಯ ಮುಖ ನೋಡಲಿಲ್ಲ.

ಅಮ್ಮನ ಕೆಳಹೊಟ್ಟೆ ಉಬ್ಬಿತ್ತು. ಸುಧರ್ಮ ಹೊದಿಕೆಯ ಮೇಲೆ ಕೈಯಿಟ್ಟ ಕೂಡಲೇ ತಿಳಿಯಿತು. ಮಗನ ಕೈಯಿಂದ ಪಾತ್ರೆ ಇಡಿಸಿಕೊಳ್ಳಲು ನಾಚಿ, ನರ್ಸನ್ನು ಕರೆಯುವಂತೆ ಮಗನಿಗೆ ಹೇಳಲೂ ನಾಚಿ, ಮುದುಕಿ ಮಧ್ಯಾಹ್ನದಿಂದ ಮೂತ್ರ ಕಟ್ಟಿಕೊಂಡೇ ಮಲಗಿದ್ದಳು. ಸುಧರ್ಮ ಅಣ್ಣನನ್ನು ಬಾಲ್ಕನಿಗೆ ಕಳಿಸಿ, ಪರದೆ ಎಳೆದು, ಅಮ್ಮನ ಸೊಂಟವನ್ನು ಮೆಲ್ಲಗೆ ಎತ್ತಿ ಪಾತ್ರೆ ಇಟ್ಟಳು. ಭಾರ್ಗವಿಯಮ್ಮ ಕಣ್ಣುಮುಚ್ಚಿಕೊಂಡಳು. ರೆಪ್ಪೆಗಳ ಅಂಚು ಒದ್ದೆಯಾಯಿತು. ತನ್ನ ಬಿಡುಗಡೆಗೆ ಬೆಲೆ ತೆತ್ತವಳು ಇವಳು ಎಂದು ಸುಧರ್ಮಳಿಗೆ ಗೊತ್ತಾಯಿತು. ಅಣ್ಣ ತೆತ್ತದ್ದು ಒಂದು ದಿನದ ಚಪ್ಪಾಳೆ ಮಾತ್ರ.

ಬಾಲ್ಕನಿಯಿಂದ ಅವನ ದನಿ ಕೇಳುತ್ತಿತ್ತು. ಸಹೋದ್ಯೋಗಿಗೆ ರೂಮಿನ ಬಾಡಿಗೆ, ಏಜೆನ್ಸಿಯವರ ದರ ಎಲ್ಲವನ್ನೂ ಹೇಳಿಕೊಂಡು ಗೋಳಾಡುತ್ತಿದ್ದ. ಆ ಕಡೆಯವನು ಏನೋ ಕೇಳಿರಬೇಕು. "ಛೆ ಛೆ, ನಮ್ಮ ವರದಿಗೂ ಇದಕ್ಕೂ ಏನು ಸಂಬಂಧ?" ಎಂದ ಉದಯಭಾನು. "ನಮ್ಮನೇದು ಅಪವಾದ. ಅಂಥವನ್ನ ಲೆಕ್ಕದಿಂದ ಬಿಡೋದೇ ಸರಿ."

ಸುಧರ್ಮ ಪಾತ್ರೆಯನ್ನು ತೊಳೆದಿಟ್ಟಳು. ಅಮ್ಮ ಈಗ ಹಗುರಾಗಿದ್ದಳು.

"ನಾಳೇನೂ ಹೋಗ್ತೀಯಾ?" ಕೇಳಿದಳು.

"ಹೋಗ್ತೀನಮ್ಮ. ಬೆಳಗ್ಗೆ ಆ ಹೋಂ ನರ್ಸ್ ಬರ್ತಾಳೆ. ಹೆಂಗಸೇ. ನಾಚಿಕೊಂಡು ಕಟ್ಕೋಬೇಡ, ಬಾಯಿಬಿಟ್ಟು ಕೇಳು."

"ಕೇಳ್ತೀನಿ. ನಿನ್ನಂಥ ಮಗಳಿದ್ಮೇಲೆ ಕೇಳದೆ ಇನ್ನೇನು ಮಾಡ್ಲಿ."

ಅದು ಬೈಗುಳವೇ. ಆದರೆ ಹೇಳುವಾಗ ಅಮ್ಮ ಗೋಡೆಯ ಕಡೆಗೆ ತಿರುಗಲಿಲ್ಲ. ಸುಧರ್ಮ ಅವಳ ಹೊದಿಕೆಯನ್ನು ಎಳೆದು ಸರಿಮಾಡಿ, ರಾತ್ರಿಯ ಮಾತ್ರೆಯನ್ನು ಮುಚ್ಚಳದಲ್ಲಿ ತೆಗೆದಿಟ್ಟಳು. ಬಾಲ್ಕನಿಯ ಬಾಗಿಲು ತೆರೆದು, ಊಟವಾದ ಮೇಲೆ ಅದನ್ನು ಕೊಡಬೇಕೆಂದು ಅಣ್ಣನಿಗೆ ಹೇಳಿದಳು. ಅವನು ಫೋನಿನಿಂದ ಕಿವಿ ತೆಗೆಯದೆ ಹೂಂಗುಟ್ಟಿದ. ಅವಳು ಅವನ ಕೈಯಿಂದ ಫೋನನ್ನು ತೆಗೆದುಕೊಂಡು, ಕೆಳಗಿಳಿಸಿ, ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು, ಕ್ಲಚ್ಚಿನಿಂದ ಕಾಲು ತೆಗೆಯಲು ಕಲಿಯುತ್ತಿರುವವರಿಗೆ ಹೇಳುವಷ್ಟು ನಿಧಾನವಾಗಿ.