ಹನ್ನೊಂದನೇ ಪಟ್ಟಿ

ಇನ್ನೊಬ್ಬರ ತಪ್ಪು ಹುಡುಕುವುದಕ್ಕೆ ಸರ್ಕಾರ ನನಗೆ ಮೂವತ್ತೊಂದು ವರ್ಷ ಸಂಬಳ ಕೊಟ್ಟಿತು. ಸೈನ್ಯಕ್ಕೆ ಬರುವ ಬೂಟು, ಬೆಲ್ಟು, ಚೀಲಗಳನ್ನು ಪರೀಕ್ಷಿಸುವ ಇನ್ಸ್‌ಪೆಕ್ಟರ್ ಕೆಲಸ. ನಿವೃತ್ತನಾದ ಮೇಲೂ ಚಟ ಹೋಗಲಿಲ್ಲ. ಹೆಂಡತಿ ಮಡಿಸಿಟ್ಟ ಬಟ್ಟೆಯಲ್ಲೂ ಕೊಂಕು ತೆಗೆಯತೊಡಗಿದೆ. "ರೀ, ಎಲ್ಲಾದ್ರೂ ಕೆಲ್ಸಕ್ಕೆ ಸೇರ್ಕೊಳ್ರೀ" ಎಂದು ಅವಳು ಕೈಮುಗಿದಳು. ಹಾಗೆ ಸೇರಿದ್ದು ಬೃಂದಾ ಎಂಬ ಹುಡುಗಿ ಕೆ.ಆರ್. ಪುರದಲ್ಲಿ, ಪ್ಲೈವುಡ್ ಅಂಗಡಿಯ ಮೇಲೆ ಎರಡನೇ ಮಹಡಿಯಲ್ಲಿ ನಡೆಸುತ್ತಿದ್ದ ಪುಟ್ಟ ಕಂಪನಿಗೆ. ಸಾಬಿರಾ ಸಿಕ್ಕಿದ್ದು ಅಲ್ಲಿ. ಇದು ಅವಳ ಕಥೆ. ನಡುವೆ ನಾನು ಮೂಗು ತೂರಿಸಿದರೆ ಸಹಿಸಿಕೊಳ್ಳಿ.

ಅಲ್ಲಿ ಮಾಡುತ್ತಿದ್ದದ್ದು ಒಂದೇ ವಸ್ತು, ರಕ್ತ ನಿಲ್ಲಿಸುವ ಪಟ್ಟಿ. ಸೈನಿಕನ ಕಾಲಿಗೆ ಗುಂಡು ಬಿದ್ದರೆ ಗಾಯದ ಮೇಲ್ಗಡೆ ತೊಡೆಗೆ ಅದನ್ನು ಸುತ್ತಿ, ಅದರಲ್ಲಿರುವ ಕಡ್ಡಿಯನ್ನು ತಿರುಚಿದರೆ ರಕ್ತ ನಿಲ್ಲಬೇಕು. ಆಂಬ್ಯುಲೆನ್ಸಿಗೂ ಅದೇ ಪಟ್ಟಿ. ಇಂಥ ಸಣ್ಣ ಕಂಪನಿಗಳ ಸಂಶೋಧನೆಗೆ ಸರ್ಕಾರ ಹಂತಹಂತವಾಗಿ ಅನುದಾನ ಕೊಡುತ್ತದೆ. ಮೊದಲ ಹಂತದ ಕೊನೆಗೆ ಇಪ್ಪತ್ತು ಪಟ್ಟಿಗಳನ್ನು ಪರೀಕ್ಷಿಸಿ ಸಮಿತಿಗೆ ವರದಿ ಕಳಿಸಬೇಕು. ಒಪ್ಪಿದರೆ ಎರಡನೇ ಹಂತ, ಇಲ್ಲದಿದ್ದರೆ ನಾವು ಆರು ಜನವೂ ಮನೆಗೆ.

ಆ ಆರು ಜನರಲ್ಲಿ ಹೊಲಿಗೆ ಬರುತ್ತಿದ್ದದ್ದು ಸಾಬಿರಾಗೆ ಮಾತ್ರ. ಅವಳು ಹುಟ್ಟಿದ ಮನೆ, ಕೊಟ್ಟ ಮನೆ ಎರಡೂ ಶಿವಾಜಿನಗರದಲ್ಲೇ, ನಡುವೆ ಎರಡು ಗಲ್ಲಿ. ಗಂಡ ಅಬ್ದುಲ್ ರಸೆಲ್ ಮಾರ್ಕೆಟ್ಟಿನಿಂದ ಹಣ್ಣು ಸಾಗಿಸುವ ಗೂಡ್ಸ್ ಆಟೊ ಓಡಿಸುತ್ತಾನೆ. ಹೊಲಿಗೆ ಕಲಿಸಿದ್ದು ತಾಯಿ ಫಹ್ಮಿದಾ. ಹೊಲಿಗೆ ಒಂದೆಳೆ ಸೊಟ್ಟಗಾದರೂ ಆಕೆ ಮಗಳ ಕೈಗೆ ಅರ್ಧ ಬ್ಲೇಡು ಕೊಟ್ಟು ಪೂರ್ತಿ ಬಿಚ್ಚಿಸುತ್ತಿದ್ದಳಂತೆ. ಸಾಬಿರಾ ಹೊಲಿದ ಬ್ಲೌಸು ವಾಪಸ್ಸು ಬರುವುದಿಲ್ಲ ಎಂದು ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಅಂಗಡಿಗಳಲ್ಲಿ ಹೆಸರಾಗಿದ್ದು ಆ ಅಭ್ಯಾಸದಿಂದಲೇ. ಹದಿನೆಂಟು ವರ್ಷ ಅಲ್ಲಿ ಪೀಸಿಗಿಷ್ಟು ಎಂದು ದುಡಿದವಳಿಗೆ ನಲವತ್ತನಾಲ್ಕನೇ ವಯಸ್ಸಿನಲ್ಲಿ ಮೊದಲ ಸಲ ತಿಂಗಳ ಸಂಬಳ, ಭಾನುವಾರ ರಜೆ, ಕೊರಳಿಗೆ ಫೋಟೊ ಇರುವ ಐಡಿ ಕಾರ್ಡು ಸಿಕ್ಕಿತು. ನಾವಿಬ್ಬರೂ ಒಂದೇ ಬಸ್ಸು, ಅವಳು ಶಿವಾಜಿನಗರದಲ್ಲಿ ಹತ್ತಿದರೆ ನಾನು ಹಲಸೂರಿನಲ್ಲಿ. ಬಸ್ಸಿನಲ್ಲೂ ಅವಳು ಆ ಕಾರ್ಡು ತೆಗೆಯುತ್ತಿರಲಿಲ್ಲ. "ಮಲ್ಗೋವಾಗ್ಲಾದ್ರೂ ತೆಗೀತೀಯೇನಮ್ಮ?" ಎಂದು ರೇಗಿಸುತ್ತಿದ್ದೆ.

ಮೊದಲ ದಿನವೇ ಅವಳಿಗೆ ಎರಡು ನಿಯಮ ಹೇಳಿದ್ದೆ. ಕಾಗದದಲ್ಲಿ ತಪ್ಪು ಬರೆದರೆ ಅಳಿಸಬಾರದು, ಹೊಸ ಹಾಳೆ ತೆಗೆಯಬಾರದು. ತಪ್ಪು ಕಾಣುವ ಹಾಗೆ ಒಂದೇ ಗೆರೆ ಹೊಡೆದು, ಸರಿಯಾದದ್ದು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ಇನ್ನು ಹೊಲಿಗೆ ತಪ್ಪಿದರೆ ಆ ಪಟ್ಟಿ ಸೀದಾ, ಕೆಟ್ಟವನ್ನು ಎಸೆಯುವ ಕೆಂಪು ಡಬ್ಬಕ್ಕೆ. ಯಾಕೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಾರಣ ಹೇಳುವ ರೂಢಿ ನನಗೆ ಸರ್ವೀಸಿನಲ್ಲೂ ಇರಲಿಲ್ಲ.

ಅವಳು ಹೊಲಿದ ಇಪ್ಪತ್ತು ಪಟ್ಟಿಗಳೂ ತಪಾಸಣೆಗೆ ನನ್ನ ಮೇಜಿಗೆ ಬಂದವು. ಭೂತಗನ್ನಡಿ ಹಿಡಿದು ಒಂದೊಂದೇ ನೋಡಿದೆ. ಹನ್ನೊಂದನೆಯದರ ಹೊಲಿಗೆ ಎಲ್ಲಕ್ಕಿಂತ ಅಂದವಾಗಿತ್ತು. "ಎಲ್ಲಾನೂ ಹೀಗೇ ಇರ್ಬೇಕು ನೋಡಮ್ಮ" ಎಂದು ಹೊಗಳಿ ಸಹಿ ಹಾಕಿದೆ.

ಪರೀಕ್ಷೆಯ ದಿನ ರಬ್ಬರಿನ ತೊಡೆಗೆ ಪಟ್ಟಿ ಸುತ್ತಿ, ಬೃಂದಾ ಕಡ್ಡಿ ತಿರುಚುತ್ತಾ ಹೋದಳು. ಹತ್ತರವರೆಗೆ ಎಲ್ಲ ಸರಿಯಿತ್ತು. ಹನ್ನೊಂದನೆಯದು ಹೊಲಿಗೆಯ ಬುಡದಲ್ಲೇ ಪರ್ರೆಂದು ಹರಿದುಹೋಯಿತು. ಉಳಿದ ಒಂಬತ್ತೂ ಪಾಸಾದವು, ಆದರೆ ಯಾರ ಮುಖದಲ್ಲೂ ಕಳೆಯಿರಲಿಲ್ಲ. ಇಪ್ಪತ್ತಕ್ಕೆ ಒಂದು ಅಂದರೂ ಒಬ್ಬ ಸೈನಿಕ.

"ಪಟ್ಟಿ ನೇಯ್ದದ್ದೇ ಸರಿಯಿಲ್ಲ" ಎಂದು ನಾನು ತೀರ್ಪು ಕೊಟ್ಟುಬಿಟ್ಟೆ. ಹೊಲಿಗೆಗೆ ಬರುವ ಪಟ್ಟಿಯನ್ನು ನೇಯ್ದು ಕೊಡುತ್ತಿದ್ದವನು ಟ್ಯಾನರಿ ರಸ್ತೆಯ ಸನಾವುಲ್ಲಾ. ಇರುವುದು ಎರಡೇ ಮಗ್ಗ, ನಮ್ಮ ಕೆಲಸವನ್ನೇ ನಂಬಿಕೊಂಡಿದ್ದ.

"ಗ್ಯಾರಂಟೀನಾ ಅಂಕಲ್?" ಎಂದಳು ಬೃಂದಾ.

"ಇಂಥವು ನೂರು ನೋಡಿದೀನಮ್ಮ. ಅವನನ್ನ ಬದಲಾಯಿಸ್ತೀವಿ ಅಂತ ಬರೆದ್ರೆ ಸಮಿತಿ ಒಪ್ಪುತ್ತೆ."

ವರದಿ ಮರುದಿನ ಕಳಿಸುವುದೆಂದಾಯಿತು. ಮೂಲೆಯಲ್ಲಿ ಮೆಷಿನ್ ಒರೆಸುತ್ತಿದ್ದ ಸಾಬಿರಾ ಎಲ್ಲವನ್ನೂ ಕೇಳಿಸಿಕೊಂಡಳು.

ಮಾರನೇ ದಿನ ಬಸ್ಸು ಇಂದಿರಾನಗರ ದಾಟುತ್ತಿದ್ದ ಹಾಗೆ ಅವಳು ಮುಂದಿನ ಸೀಟು ಬಿಟ್ಟು ನನ್ನ ಹತ್ತಿರ ಬಂದು ನಿಂತಳು.

"ಸರ್, ಸನಾವುಲ್ಲಾ ಭಾಯ್ ಪಟ್ಟಿ ಚೆನ್ನಾಗೇ ಐತೆ. ತಪ್ಪು ನಂದು. ಹನ್ನೊಂದು ಸೊಟ್ಟಗಾಗಿತ್ತು, ಬಿಚ್ಚಿ ಹೊಲ್ದೆ."

"ಕೆಂಪು ಡಬ್ಬಕ್ಕೆ ಹಾಕು ಅಂದಿದ್ನಲ್ಲಮ್ಮ!"

"ಬಿಚ್ಚಿ ಸರಿ ಮಾಡೋಕೆ ಬರ್ದೇ ಇರೋರಿಗೆ ಆ ಡಬ್ಬ ಅಂದ್ಕೊಂಡೆ ಸರ್."

ನನಗೆ ಎಲ್ಲ ಅರ್ಥವಾಯಿತು. ಬ್ಲೌಸಿನ ಬಟ್ಟೆ ಬೇರೆ, ಇದು ಬೇರೆ. ಬ್ಲೇಡು ದಾರದ ಜೊತೆಗೆ ಪಟ್ಟಿಯ ಎಳೆಯನ್ನೂ ಕಚ್ಚಿರುತ್ತದೆ. ಹಳೆಯ ತೂತಿನ ಪಕ್ಕದಲ್ಲೇ ಹೊಸ ತೂತು ಬಿದ್ದರೆ ಪಟ್ಟಿ ಅಂಚೆಚೀಟಿ ಹಾಳೆಯ ಹಾಗೆ ಹರಿಯುತ್ತದೆ. ಬೆಳಕಿಗೆ ಹಿಡಿದಿದ್ದರೆ ನನಗೆ ಕಾಣುತ್ತಿತ್ತು. ಅಂದಕ್ಕೆ ಮರುಳಾಗಿ ಹಿಡಿದಿರಲಿಲ್ಲ.

"ಸುಮ್ನಿರಮ್ಮ" ಎಂದೆ. "ಈಗ ಬಾಯಿ ಬಿಟ್ರೆ ಹೋಗೋದು ನಿನ್ ಕೆಲ್ಸಾನೇ." ಆ ಪಟ್ಟಿಗೆ ನನ್ನ ಸಹಿಯೂ ಇದೆ ಎಂಬುದನ್ನು ಮಾತ್ರ ಹೇಳಲಿಲ್ಲ.

"ನಿನ್ನೆಯಿಂದ ಊಟ ಸೇರ್ತಿಲ್ಲ ಸರ್. ಯಾವ್ದೋ ತಾಯಿ ಮಗನ ಕಾಲಿಗೆ ಕಟ್ತಾರೆ ಅದ್ನ" ಎಂದಳು.

ನನ್ನ ಮಂಡಿಗೆ ಎರಡು ಮಹಡಿ ಹತ್ತುವುದೆಂದರೆ ಹತ್ತು ನಿಮಿಷ. ನಾನು ಮೇಲೆ ಮುಟ್ಟುವಷ್ಟರಲ್ಲಿ ಐಡಿ ಕಾರ್ಡು ಬೃಂದಾಳ ಮೇಜಿನ ಮೇಲಿತ್ತು. ಸಾಬಿರಾ ಹರಿದ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೂತುಗಳನ್ನು ತೋರಿಸುತ್ತಿದ್ದಳು. "ನಾಲ್ಕು, ಹದಿನಾರು, ಅವೂ ಬಿಚ್ಚಿ ಹೊಲ್ದಿದ್ದೇ ಮೇಡಂ" ಎಂದಳು.

ಬೃಂದಾಳ ಮುಖ ಕೆಂಪಾಯಿತು. ಹೇಳಿದ ಹಾಗೆ ಕೇಳದಿದ್ದರೆ ಹೇಗೆ ಎಂದು ಕೂಗಾಡಿದಳು. ಆಮೇಲೆ ಕುರ್ಚಿಯಲ್ಲಿ ಕುಸಿದು, "ಆ ಎರಡೂ ಪಾಸಾಗಿವೆ ಆಂಟಿ. ನೀವು ಹೇಳ್ದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ" ಎಂದಳು. ನನ್ನ ಕಡೆ ತಿರುಗಿ, "ಅಂಕಲ್, ನೀವು ನೋಡಿರ್ಲಿಲ್ವಾ?" ಎಂದು ಕೇಳಿದಳು.

"ಬೆಳಕಿಗೆ ಹಿಡಿದು ನೋಡಿರ್ಲಿಲ್ಲ" ಎಂದೆ.

ನಡೆದದ್ದನ್ನೆಲ್ಲ ನಡೆದ ಹಾಗೆಯೇ ಬರೆದು ಸಮಿತಿಗೆ ಕಳಿಸಿದೆವು. ಹೊಸ ಇಪ್ಪತ್ತು ಪಟ್ಟಿ ಮಾಡಲು ಆರು ವಾರ ಕೊಟ್ಟರು. ಬೃಂದಾ ಕಾರ್ಡನ್ನು ವಾಪಸ್ಸು ಕೊಟ್ಟಳು, ಸಾಬಿರಾ ತನ್ನ ಅರ್ಧ ಬ್ಲೇಡನ್ನು ನನ್ನ ಡ್ರಾಯರಿಗೆ ಹಾಕಿದಳು. ಈ ಸಲ ಏಳು ಪಟ್ಟಿ ಕೆಂಪು ಡಬ್ಬಕ್ಕೆ ಬಿದ್ದವು. ಪ್ರತಿಯೊಂದನ್ನು ಹಾಕುವಾಗಲೂ "ಯಾ ಅಲ್ಲಾ" ಎಂದು ಅವಳು ಸಂಕಟಪಡುತ್ತಿದ್ದಳು. ಉಳಿದ ಇಪ್ಪತ್ತನ್ನೂ ನಾನು ಬೆಳಕಿಗೆ ಹಿಡಿದು ನೋಡಿದೆ. ಪಟ್ಟಿ ಅದೇ ಸನಾವುಲ್ಲಾನದು. ಒಂದೂ ಹರಿಯಲಿಲ್ಲ. ಎರಡನೇ ಹಂತ ಮಂಜೂರಾಯಿತು.

ಕೊನೆಗೆ ತುಂಬಬೇಕಾದ ಫಾರಂ ಒಂದಿತ್ತು. 'ದೋಷದ ಕಾರಣ ಪತ್ತೆ ಮಾಡಿದವರು' ಎಂಬ ಜಾಗದಲ್ಲಿ ನನ್ನ ಕೈ ತಾನೇ ತಾನಾಗಿ ಸಂಜೀವಪ್ಪ ಎಂದು ನನ್ನ ಹೆಸರನ್ನೇ ಬರೆದುಬಿಟ್ಟಿತು. ಮೂವತ್ತೊಂದು ವರ್ಷದ ಅಭ್ಯಾಸ. ಬೃಂದಾ ನೋಡಿ, "ಇನ್ನೊಂದು ಪ್ರಿಂಟ್ ಕೊಡ್ತೀನಿ ತಾಳಿ ಅಂಕಲ್" ಎಂದಳು.

"ಬೇಡಮ್ಮ" ಎಂದೆ.

ನನ್ನ ಹೆಸರಿನ ಮೇಲೆ ಒಂದೇ ಗೆರೆ ಹೊಡೆದೆ. ಪಕ್ಕದಲ್ಲಿ ಸಾಬಿರಾ ಎಂದು ಬರೆದು ಸಹಿ ಹಾಕಿದೆ. ಗೆರೆಯಡಿಯಲ್ಲಿ ನನ್ನ ಹೆಸರು ಈಗಲೂ ಓದಲು ಬರುತ್ತದೆ.